ಎಂಟಕ್ಕನ ಉಗುರು

“ಇದು ಸೋಪಿಗೆ ಜಗ್ಗೋದಲ್ಲ ಭಾವ,” ಎನ್ನುತ್ತ ತಂಗಿ, ಸತ್ತ ಅಕ್ಕನ ಹೆಬ್ಬೆರಳನ್ನು ಮತ್ತೊಮ್ಮೆ ಉಜ್ಜಿದಳು. ಉಗುರಿನ ಸಂದಿಯ ಬಿಳಿ ಪುಡಿ ಅಲ್ಲೇ ಇತ್ತು.

“ಇಪ್ಪತ್ತು ವರ್ಷದಿಂದ ನಾನೂ ನೋಡ್ತಿದೀನಿ. ಬಿಡಮ್ಮ.”

ಕೆಳಗೆ ಶವದ ಗಾಡಿಯವನು ಎರಡನೆಯ ಸಲ ಹಾರ್ನ್ ಹೊಡೆದ.

“ಹನ್ನೊಂದಕ್ಕೆ ಅಂದಿದ್ರಿ, ಹನ್ನೆರಡಾಯ್ತು. ಯಾರಿಗೆ ಕಾಯೋದು ಭಾವ?”

“ಲ್ಯಾಬಿನ ಮೇಡಂಗೆ. ಆಸ್ಪತ್ರೆಯವರು ಪರೀಕ್ಷೆಗೆ ಕೊಟ್ಟ ನಲವತ್ತು ಸೀಸೆ ರಕ್ತದ ಉತ್ತರ ಸರಿಯೋ ತಪ್ಪೋ ಗೊತ್ತಾಗೋವರೆಗೂ ನನ್ನ ಎತ್ತಬೇಡಿ ಅಂದಿದ್ಲಲ್ಲ ಇವಳು.”

“ಉತ್ತರ ತಪ್ಪಾದ್ರೆ ಆ ಮೇಡಂ ಈ ಕಡೆ ತಲೆ ಹಾಕ್ತಾರಾ?”

ಭಾವ ಕಿಟಕಿಯಿಂದ ರಸ್ತೆ ನೋಡಿದರು. ಅವರಿಗೂ ಅದೇ ಭಯ.

*

ಇಪ್ಪತ್ತು ವರ್ಷದ ಹಿಂದೆ ಪ್ರಯೋಗಾಲಯದಲ್ಲಿ ಸೀಸೆ ತೊಳೆಯಲು ಸೇರಿದ ಅಕ್ಕನ ಕೈಗೆ ಮೇಡಂ ಒಂದು ದಿನ ಪೆನ್ಸಿಲಿನಂಥ ಕಡ್ಡಿ ಕೊಟ್ಟಿದ್ದರು. ತುದಿಯಲ್ಲಿ ಚಿನ್ನದ ಚುಕ್ಕೆ. ರಕ್ತದಲ್ಲಿ ಅದ್ದಿದಾಗ, ಅದರಲ್ಲಿ ಕ್ಯಾನ್ಸರ್ ಕೋಶವಿದ್ದರೆ ಚುಕ್ಕೆಗೆ ಅಂಟಿಕೊಳ್ಳುತ್ತದೆ. ವಿದ್ಯುತ್ತು ಕುಗ್ಗಿ ಪರದೆಯ ಗೆರೆ ಇಳಿಯುತ್ತದೆ. ಚುಕ್ಕೆ ಒರಟಾಗಿದ್ದರೆ ಗೆರೆ ಸುಳ್ಳಾಡುತ್ತದೆ.

“ಬಟ್ಟೆ ಮೇಲೆ ಈ ಬಿಳಿ ಪುಡಿ ಹಾಕಿ, ಚುಕ್ಕೆ ನುಣುಪಾಗೋವರೆಗೂ ಎಂಟು ಬರೆದ ಹಾಗೆ ಉಜ್ಜಿ,” ಎಂದಿದ್ದರು.

ಮೂರು ವಾರ ಗೆರೆ ಸುಳ್ಳೇ ಆಡಿತು. ಕೊನೆಗೆ ಮೇಡಂ ಪಕ್ಕದಲ್ಲಿ ನಿಂತು ನೋಡಿದರು. ಅವಳ ಕೈ ಕನ್ನಡದ ೮ ಬರೆಯುತ್ತಿತ್ತು. ಬರೆದು ಎತ್ತಿ, ಮತ್ತೆ ಬರೆದು ಎತ್ತಿ.

“ಇಂಗ್ಲಿಷ್ ಎಂಟು ಕಣ್ರೀ. ಕೈ ಎತ್ತದೇ ಸುತ್ತೋ ಎಂಟು.”

“ನನಗೆ ಗೊತ್ತಿರೋ ಎಂಟು ಇದೊಂದೇ. ಅದನ್ನೂ ಕಲಿಸಿಬಿಡಿ.”

ಅಂದಿನಿಂದ ಲ್ಯಾಬಿಗೆಲ್ಲ ಅವಳು ಎಂಟಕ್ಕ. ಆಮೇಲೆ ಉಜ್ಜುವ ಯಂತ್ರವೂ ಬಂತು. ಅವಳ ಕೈಗೆ ಸಾಟಿಯಾಗದೆ ಮೂಲೆ ಸೇರಿತು. ಹೋದ ವಾರ ಎದ್ದು ಕೂರಲಾರದೆ ಇದ್ದಾಗಲೂ, ಆಸ್ಪತ್ರೆಯ ಆ ಸೀಸೆಗಳಿಗೆಂದು ದಿಂಬಿಗೊರಗಿ ನಲವತ್ತು ಕಡ್ಡಿ ಉಜ್ಜಿ ಕಳಿಸಿದ್ದಳು.

*

ಮೆಟ್ಟಿಲ ಮೇಲೆ ಚಪ್ಪಲಿ ಸದ್ದಾಯಿತು. ಮೇಡಂ ಲ್ಯಾಬಿನ ಕೋಟಿನಲ್ಲೇ ಬಂದಿದ್ದರು. ನೇರ ಎಂಟಕ್ಕನ ಪಕ್ಕ ಕೂತು, ಅವಳ ಕಿವಿಯ ಹತ್ತಿರ ಬಗ್ಗಿದರು. ದನಿ ಮಾತ್ರ ಕೋಣೆಗೆಲ್ಲ ಕೇಳಿತು.

“ನಲವತ್ತಕ್ಕೆ ನಲವತ್ತೂ ಸರಿ ಎಂಟಕ್ಕ. ಒಂದು ಸೀಸೇಲಿ ಐದೇ ಐದು ಕೋಶ ಇತ್ತಂತೆ. ನಿಮ್ಮ ಕಡ್ಡಿ ಅದನ್ನೂ ಹಿಡೀತು.”

ಭಾವ ಕಿಟಕಿ ಬಿಟ್ಟು ಹತ್ತಿರ ಬಂದರು. “ಗೆದ್ಲು ನೋಡು,” ಎಂದರು ನಾದಿನಿಗೆ.

ತಂಗಿ ಮೇಡಂ ಕಡೆ ತಿರುಗಿದಳು. “ಬರಲ್ಲ ಅಂತ ನಿಮ್ಮನ್ನ ಬೈದುಬಿಟ್ಟೆ.”

“ಪರವಾಗಿಲ್ಲ, ಅಭ್ಯಾಸ ಇದೆ. ಇವರೂ ಬೈತಿದ್ರು.”

ಮತ್ತೆ ಹಾರ್ನ್. ತಂಗಿ ಸೋಪಿನ ನೀರನ್ನು ಬಚ್ಚಲಿಗೆ ಚೆಲ್ಲಿ ಬಂದಳು. ಅಕ್ಕನ ಕೈಯನ್ನು ಹೊದಿಕೆಯೊಳಗೆ ಸೇರಿಸಲು ಹೋದವಳು ತಡೆದು, ಎದೆಯ ಮೇಲೆ ಎಲ್ಲರಿಗೂ ಕಾಣುವಂತೆ ಇಟ್ಟಳು.

ನಾಲ್ವರು ಎತ್ತಿದರು. ಬಿಳಿ ಉಗುರು ಮೇಲಾಗಿ ಎಂಟಕ್ಕ ಮೆಟ್ಟಿಲಿಳಿದಳು.