ಗೆರೆ ಬಿಡುವ ಗಾಡಿ

ಬೇಸಿಗೆ ಶಿಬಿರದಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದುದು ಅಜ್ಜಿ ಎಂದೇ. ವಯಸ್ಸು ಹದಿನಾರಾದರೂ ಗೊಣಗಾಟ ಎಂಬತ್ತರದು. ಇವತ್ತಂತೂ ಅದಕ್ಕೆ ಕಾರಣವೂ ಇತ್ತು. ನೆಲಕ್ಕೆ ಅಂಟಿಸಿದ ಕಪ್ಪು ಟೇಪಿನ ಗೆರೆ ಹಿಡಿದು ತಾನಾಗಿ ಓಡಬೇಕಾದ ಅವಳ ಪುಟ್ಟ ರೋಬೊ ಗಾಡಿ, ಕಿಟಕಿಯ ಬಿಸಿಲು ಬೀಳುವ ತಿರುವಿಗೆ ಬಂದರೆ ಸಾಕು, ಗೆರೆ ಬಿಟ್ಟು ಅವಳ ಕಾಲ ಬಳಿಗೇ ನುಗ್ಗುತ್ತಿತ್ತು. ಸೆನ್ಸರ್ ಬದಲಿಸಿದಳು, ಪ್ರೋಗ್ರಾಮ್ ತಿದ್ದಿದಳು, ಪ್ರತಿ ಸಲವೂ ತಿರುವಿನ ಮೇಲೆ ಬಗ್ಗಿ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. ನಾಯಿ ಬಾಲದ ಡೊಂಕು ಹೋಗುವುದುಂಟೆ?

ಕೊನೆಗೆ ಗಾಡಿಯನ್ನು ಗೆರೆಯ ಮೇಲೆ ಕುಕ್ಕಿ, “ಹಾಳಾಗಿ ಹೋಗು,” ಎಂದು ದೂರದ ಗೋಡೆಗೆ ಒರಗಿ ಕೂತಳು. ಗಾಡಿ ತಿರುವು ದಾಟಿ, ಸುತ್ತು ಮುಗಿಸಿ, ಏನೂ ಅರಿಯದ ಸಭ್ಯಸ್ಥನಂತೆ ಹೊರಟಲ್ಲಿಗೇ ಬಂದು ನಿಂತಿತು.

“ನೀನು ಬಗ್ಗಿದಾಗ ಬೀಳೋ ನೆರಳನ್ನೇ ಅದು ಕಪ್ಪು ಗೆರೆ ಅಂದ್ಕೊಳ್ತಿತ್ತು ಕಣೇ,” ಎಂದಳು ಜೊತೆಗಾತಿ ಕುಳ್ಳಿ.

ಅಜ್ಜಿಗೆ ಮೈಯೆಲ್ಲ ಉರಿಯಿತು. “ಗೊತ್ತಿದ್ರೆ ಬೆಳಿಗ್ಗೆನೇ ಬಾಯಿ ಬಿಡೋಕೇನಾಗಿತ್ತು ನಿಂಗೆ?”

“ಹೇಳೋಕೆ ಬಂದಾಗಲೆಲ್ಲ, ‘ಬೆಳಕಿಗೆ ಅಡ್ಡ ನಿಲ್ಬೇಡ, ಆಚೆ ಹೋಗು’ ಅಂತ ನೀನೇ ಓಡಿಸ್ತಿದ್ಯಲ್ಲ.”