ಟೆಸ್ಟಿಂಗ್ ಮೇಡಂ ರಜೆಯ ದಿನಗಳು

"ಅಕ್ಕಾ, ಒಂದು ಮಾತು ಕೊಡಿ. ಈ ಪುಸ್ತಕವನ್ನ ಯಾರು ಹೇಳಿದ್ರೂ ತಿದ್ದಬೇಡಿ. ನಾನೇ ಬಂದು ಕೇಳಿದ್ರೂ ತಿದ್ದಬೇಡಿ."

ಹದಿನಾರು ವರ್ಷದ ಹಿಂದೆ ನಮ್ಮ ಮಾಲೀಕ ಹೀಗೆ ಕೇಳಿದ್ದ. ನಾನು "ಆಯ್ತು ಮಾರಾಯ, ಕೊಟ್ಟೆ" ಅಂದಿದ್ದೆ. ಆಗ ಕಂಪನಿ ಅಂದರೆ ಟೈರ್ ಅಂಗಡಿಯ ಮೇಲಿನ ಒಂದು ಕೋಣೆ, ನಾಲ್ಕು ಕಂಪ್ಯೂಟರ್, ಐದು ಜನ. ಅವನಿಗೆ ಇಪ್ಪತ್ತಾರು. ಹಿಂದೆ ಅವನು ದುಡಿಯುತ್ತಿದ್ದ ಕಡೆ ಹಾಜರಿ ತಿದ್ದಿ, ಕೆಲಸ ಮಾಡಿದ ದಿನಗಳನ್ನೇ ರಜೆ ಅಂತ ತೋರಿಸಿ ಹೊರಗೆ ಕಳಿಸಿದ್ದರಂತೆ. ಆ ಉರಿ ಅವನಿಗೆ ಇನ್ನೂ ಆರಿರಲಿಲ್ಲ. ಅದಕ್ಕೇ ಪುಟಕ್ಕೆಲ್ಲ ಅಚ್ಚಿನ ಸಂಖ್ಯೆ ಇರುವ, ಒಂದು ಹಾಳೆ ಕಿತ್ತರೂ ಗೊತ್ತಾಗುವ ದಪ್ಪ ಪುಸ್ತಕವನ್ನು ತಾನೇ ಹೋಗಿ ತಂದಿದ್ದ. ಯಾರು ಯಾವತ್ತು ರಜೆ ಅಂತ ನಾನು ಬರೆಯಬೇಕು, ಪಕ್ಕದಲ್ಲಿ ನನ್ನದೊಂದು ಅವನದೊಂದು ಚಿಕ್ಕ ಸಹಿ. ಆಮೇಲೆ ಜನ ಮೂವತ್ನಾಲ್ಕಾದರು, ಆಫೀಸು ಗಾಜಿನ ಕಟ್ಟಡದ ನಾಲ್ಕನೇ ಮಹಡಿಗೆ ಹೋಯಿತು, ಮಿಕ್ಕಿದ್ದೆಲ್ಲ ಕಂಪ್ಯೂಟರಿಗೆ ಸೇರಿತು. ರಜೆ ಪುಸ್ತಕ ಮಾತ್ರ ನನ್ನ ಮೇಜಿನ ಡ್ರಾಯರಿನಲ್ಲೇ ಉಳಿಯಿತು. ವರ್ಷಕ್ಕೊಂದರಂತೆ ಹದಿನಾರು ಪುಸ್ತಕ. ಒಂದರಲ್ಲೂ ಒಂದು ಗೀಟು ಇರಲಿಲ್ಲ.

ನನ್ನ ಮಗಳು ಓದು ಮುಗಿಸಿ ಒಂದು ವರ್ಷ ಮನೆಯಲ್ಲಿ ಕೂತಳು. ಕೂತಳು ಅನ್ನುವುದು ತಪ್ಪು, ಓಡಾಡಿದಳು. ಹೋದಲ್ಲೆಲ್ಲ ಒಂದೇ ಪ್ರಶ್ನೆ, ಅನುಭವ ಇದೆಯಾ. "ಅನುಭವ ಅಂಗಡೀಲಿ ಸಿಗುತ್ತಾ ಅಮ್ಮಾ? ಅರ್ಧ ಕಿಲೋ ತಂದುಬಿಡು" ಅನ್ನುತ್ತಿದ್ದಳು. ಕೊನೆಗೆ ನಾನೇ ಮಾಲೀಕನ ಕೋಣೆಗೆ ಹೋಗಿ ಬಾಯಿಬಿಟ್ಟು ಕೇಳಿದೆ. ಅವನು ಹಿಂದೆಮುಂದೆ ನೋಡಲಿಲ್ಲ. "ನಿಮ್ಮ ಮಗಳು ಅಂದ್ರೆ ನಮ್ಮ ಮನೆ ಹುಡುಗಿ. ಆರು ತಿಂಗಳು ಕಲೀಲಿ. ಸಂಬಳ ಇರಲ್ಲ, ನಿಮಗೆ ಗೊತ್ತಲ್ಲ. ಆಮೇಲೆ ಏಳು ಜನರಲ್ಲಿ ಇಬ್ಬರನ್ನ ಖಾಯಂ ಮಾಡ್ತೀನಿ."

ಹಾಗೆ ಬಂದ ಏಳು ಜನರನ್ನು ಆಫೀಸಿನಲ್ಲಿ ನೆರಳುಗಳು ಅಂತ ಕರೆಯುತ್ತಾರೆ. ಪ್ರತಿಯೊಬ್ಬರನ್ನೂ ಒಬ್ಬ ಸಂಬಳದವರ ಪಕ್ಕ ಕೂರಿಸುತ್ತಾರೆ. ನೆರಳಿಗೆ ಸ್ವಂತ ಲಾಗಿನ್ ಇಲ್ಲ. ಪಕ್ಕದವರ ಹೆಸರಿನಲ್ಲೇ ಕಂಪ್ಯೂಟರಿನೊಳಗೆ ಹೋಗಬೇಕು, ಪಕ್ಕದವರು ತೋರಿಸಿದ್ದನ್ನು ಮಾಡಬೇಕು. ಯಾರಿಗೆ ಯಾರು ನೆರಳು ಅನ್ನುವ ಪಟ್ಟಿ ಟೈಪ್ ಮಾಡಿದವಳು ನಾನೇ. ನನ್ನ ಮಗಳು ಟೆಸ್ಟಿಂಗ್ ಮೇಡಂಗೆ ನೆರಳು. ಅದೇ ಮೇಡಂಗೆ ಇನ್ನೊಂದು ನೆರಳು, ಮೂವತ್ತೆಂಟರ ಒಬ್ಬ ಹೆಂಗಸು. ಶಾಲೆಯಲ್ಲಿ ಹತ್ತು ವರ್ಷ ಗಣಿತ ಹೇಳಿ, ಶಾಲೆ ಮುಚ್ಚಿದ ಮೇಲೆ ಹೊಸ ಕಸುಬು ಕಲಿಯಲು ಬಂದವಳು, ಎರಡು ಮಕ್ಕಳ ತಾಯಿ. ಎಲ್ಲರೂ ಅವಳನ್ನು ಟೀಚರ್ ಅನ್ನುತ್ತಿದ್ದರು.

ನೆರಳುಗಳು ಬಂದು ಎರಡು ತಿಂಗಳಿಗೆ ಮೇಡಂ ಹೆರಿಗೆ ರಜೆಗೆ ಹೋದರು. ಬದಲಿಗೆ ಯಾರೂ ಬರಲಿಲ್ಲ. ಆಸ್ಪತ್ರೆಗಳಲ್ಲಿ ಡಾಕ್ಟರ ಸಮಯ ಗೊತ್ತುಮಾಡುವ ಒಂದು ತಂತ್ರಾಂಶ ನಮ್ಮದು. ಅದರ ತಪ್ಪು ಹುಡುಕುವುದು, ದೂರು ಕೊಟ್ಟವರಿಗೆ ಉತ್ತರ ಬರೆಯುವುದು ಮೇಡಂ ಕೆಲಸ. ಅದನ್ನೆಲ್ಲ ನನ್ನ ಮಗಳು, ಟೀಚರ್ ಇಬ್ಬರೇ ಎಳೆದರು, ಹದಿನೈದು ವಾರ, ಮೇಡಂ ಲಾಗಿನ್ನಿನಲ್ಲಿ. ಒಂದು ಆಸ್ಪತ್ರೆಯಿಂದ ಮೇಡಂಗೆ ಮೆಚ್ಚುಗೆಯ ಪತ್ರವೂ ಬಂತು: ಮಂಗಳವಾರ ಬೆಳಿಗ್ಗೆ ಹತ್ತೇ ನಿಮಿಷಕ್ಕೆ ನಮ್ಮ ತೊಂದರೆ ಸರಿಮಾಡಿದಿರಿ, ನಿಮ್ಮಂಥವರು ಅಪರೂಪ ಅಂತ. ಆ ಮಂಗಳವಾರ ಬೆಳಿಗ್ಗೆ ಮೇಡಂ ಹೆರುತ್ತಿದ್ದರು.

"ಒಂದು ಕೈಲಿ ಮಗು, ಇನ್ನೊಂದು ಕೈಲಿ ಮೌಸು!" ಅಂತ ಇಡೀ ಆಫೀಸು ಬಿದ್ದುಬಿದ್ದು ನಕ್ಕಿತು. ನಾನೂ ನಕ್ಕೆ. ಟೀಚರ್ ನಗಲಿಲ್ಲ.

ಅವಳು ನೇರ ಮಾಲೀಕನ ಹತ್ತಿರ ಹೋಗಿ ಕೇಳಿದಳು. "ಸರ್, ಕಲಿಯೋಕೆ ಬಂದೆ, ಸರಿ. ಕಲಿಸೋರು ಮನೇಲಿದ್ದಾರೆ. ಈ ಹದಿನೈದು ವಾರ ನಾನು ಮಾಡಿದ್ದು ಕೆಲಸ. ಅದಕ್ಕೆ ಸಂಬಳ ಕೊಡಿ."

"ಯಾರಾದ್ರೂ ನಿಮ್ಮ ಕೈ ಹಿಡಿದು ಕೂರಿಸಿದ್ರಾ ಟೀಚರ್?" ಅಂದನಂತೆ ಇವನು. ಅವಳು ಮಾರನೇ ದಿನ ಕಾರ್ಮಿಕ ಇಲಾಖೆಗೆ ದೂರು ಕೊಟ್ಟಳು.

ನೋಟೀಸು ಬಂದ ದಿನ ಮಾಲೀಕ ನನ್ನನ್ನು ಕರೆದು ಬಾಗಿಲು ಹಾಕಿಕೊಂಡ. ಬೇರೆಯವರ ಮುಂದೆ ಅವನು ನನಗೆ ಸರ್. ಬಾಗಿಲು ಹಾಕಿದರೆ ಹಳೆಯ ಸಲಿಗೆ.

"ಅಕ್ಕಾ, ಅಧಿಕಾರಿ ಗುರುವಾರ ಬರ್ತಾರೆ. ಲಾಗಿನ್ ನೋಡಿದ್ರೆ ದಿನಾ ಮೇಡಂ ಹೆಸರೇ ಇದೆ. ಅವರು ಮನೆಯಿಂದ ಕೆಲಸ ಮಾಡ್ತಾ, ಫೋನಲ್ಲಿ ಇವರಿಗೆ ಕಲಿಸ್ತಾ ಇದ್ರು ಅಂದ್ರೆ ಯಾರೂ ಇಲ್ಲ ಅನ್ನೋಕಾಗಲ್ಲ. ಅದು ಸುಳ್ಳು ಅಂತ ತೋರಿಸೋದು ಒಂದೇ ಒಂದಿದೆ."

ಯಾವುದು ಅಂತ ನಾನು ಕೇಳಲಿಲ್ಲ. ಅದು ನನ್ನ ಡ್ರಾಯರಿನಲ್ಲಿತ್ತು.

"ಮೇಡಂ ಏನಂತಾರೆ?"

"ಒಪ್ಕೊಂಡಿದ್ದಾರೆ. ಅವರಿಗೂ ವಾಪಸ್ ಬರೋಕೆ ಒಂದು ಕುರ್ಚಿ ಬೇಕಲ್ಲ."

"ತಮ್ಮಾ, ಆವತ್ತು ನೀನು ನನ್ನ ಹತ್ರ ಏನು ಮಾತು ತಗೊಂಡಿದ್ದೆ, ನೆನಪಿದೆಯಾ?"

ಅವನು ಮರೆತಿದ್ದರೆ ನನಗೆ ಹಗುರಾಗುತ್ತಿತ್ತು. ಮರೆತಿರಲಿಲ್ಲ. "ನೆನಪಿದೆ. ಆಗ ನನಗೆ ಇಪ್ಪತ್ತಾರು ವರ್ಷ. ಮೂವತ್ನಾಲ್ಕು ಜನರ ಮನೆ ಒಲೆ ನನ್ನ ತಲೆ ಮೇಲಿರಲಿಲ್ಲ." ಆಮೇಲೆ ಮೆಲ್ಲಗೆ, ಬೆದರಿಸುವ ದನಿಯೂ ಅಲ್ಲ, ಓಲೈಸುವ ದನಿಯೂ ಅಲ್ಲ: "ಖಾಯಂ ಮಾಡೋ ಇಬ್ಬರಲ್ಲಿ ನಿಮ್ಮ ಮಗಳದ್ದು ಮೊದಲನೇ ಹೆಸರು ಅಕ್ಕಾ. ಈ ದೂರು ಗೆದ್ರೆ ಯಾರನ್ನೂ ಖಾಯಂ ಮಾಡೋಕಾಗಲ್ಲ."

ಅವತ್ತು ಸಂಜೆ ಮನೆಯಲ್ಲಿ ಒಗೆದ ಬಟ್ಟೆ ಮಡಚುತ್ತಾ ಮಗಳಿಗೆ ಎಲ್ಲ ಹೇಳಿದೆ. ಮಡಚಿದ್ದನ್ನೇ ಬಿಚ್ಚಿ ಮತ್ತೆ ಮಡಚುತ್ತಿದ್ದೆ. ಅವಳು ಬೇಡ ಅನ್ನಲಿ ಅಂತಿತ್ತೋ, ಹೂಂ ಅನ್ನಲಿ ಅಂತಿತ್ತೋ, ಇವತ್ತಿಗೂ ನನಗೆ ತಿಳಿಯದು.

"ಟೀಚರ್ ಹೇಳ್ತಿರೋದು ಸರಿ ಅಮ್ಮಾ" ಅಂದಳು. "ನಾನೂ ಅವರ ಜೊತೆಗೇ ಕೂತು ಮಾಡಿದ್ದೀನಿ. ಕಲಿಸೋರು ಯಾರಿದ್ರು, ಗೋಡೆ?"

"ಹಾಗಾದ್ರೆ ಬರೆಯಲ್ಲ ಅಂತ ಹೇಳಿಬಿಡ್ಲಾ?"

ಅವಳು ಒಂದು ಕಾಲುಚೀಲ ಹಿಡಿದು ಅದರ ಜೋಡಿ ಹುಡುಕತೊಡಗಿದಳು. ರಾಶಿಯನ್ನೆಲ್ಲ ತಲೆಕೆಳಗು ಮಾಡಿದಳು. "ಇನ್ನೆರಡು ವಾರ ಅಮ್ಮಾ. ಬರೀ ಎರಡು ವಾರ. ಮತ್ತೆ ಊರೆಲ್ಲ ಸುತ್ತಿ ಅನುಭವ ಇಲ್ಲ ಅನ್ನಿಸ್ಕೊಂಡು ಬರೋಕೆ ನನ್ನ ಕೈಲಾಗಲ್ಲ. ಇಲ್ಲಿ ಮಾಡಿದ್ದೆಲ್ಲ ಮೇಡಂ ಹೆಸರಲ್ಲಿದೆ. ಹೊರಗೆ ಹೋದ್ರೆ ನಾನು ಏನೂ ಮಾಡಿಲ್ಲದೋಳು." ಕಾಲುಚೀಲವನ್ನು ರಾಶಿಗೆ ಎಸೆದಳು. "ನನ್ನ ಕೇಳಬೇಡ. ನೀನೇ ಏನಾದ್ರೂ ಮಾಡು. ಅಮ್ಮ ಅಲ್ವಾ ನೀನು?"

ಬುಧವಾರ ಬೆಳಿಗ್ಗೆ ಏಳಕ್ಕೇ ಆಫೀಸಿಗೆ ಹೋದೆ. ಹಾಳೆ ಕೀಳುವಂತಿಲ್ಲ, ತಿದ್ದಿದರೆ ಕಾಣುತ್ತದೆ. ಇರುವ ದಾರಿ ಒಂದೇ: ಅಂಥದ್ದೇ ಹೊಸ ಪುಸ್ತಕ ತಂದು ವರ್ಷದ ಮೊದಲ ದಿನದಿಂದ ಪೂರ್ತಿ ನಕಲು ಮಾಡುವುದು. ಮಾಲೀಕ ಪುಸ್ತಕ ತಂದಿಟ್ಟಿದ್ದ. ನಾನು ನಾಲ್ಕು ಪೆನ್ನು ತೆಗೆದುಕೊಂಡು ಕೂತೆ. ಒಂದೇ ಶಾಯಿ ಇದ್ದರೆ ಒಂದೇ ದಿನ ಬರೆದದ್ದು ಅಂತ ಗೊತ್ತಾಗುತ್ತದೆ ಅನ್ನುವುದನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಕೆಲವು ಸಾಲು ಅವಸರದಲ್ಲಿ ಬರೆದ ಹಾಗೆ ವಾರೆ ಮಾಡಿದೆ. ಒಂದು ಕಡೆ ಲೋಟ ಇಟ್ಟು ಕಾಫಿ ಕಲೆ ಮಾಡಿದೆ. ಇಷ್ಟು ಚೆನ್ನಾಗಿ ಬರುತ್ತದೆ ಅಂತ ಗೊತ್ತಿರಲಿಲ್ಲ. ಅದಕ್ಕೇ ಭಯವಾಯಿತು.

ಮಾಲೀಕ ಎದುರಿಗೆ ಕೂತು, ನಾನು ಮುಗಿಸಿದ ಪುಟಕ್ಕೆ ಚಿಕ್ಕ ಸಹಿ ಹಾಕುತ್ತಾ ಹೋದ. ಮೇಡಂ ಸಾಲು ಬಂದಾಗ ನನ್ನ ಪೆನ್ನು ನಿಂತಿತು.

"ಎಷ್ಟು ದಿನ ರಜೆ ಹಾಕಲಿ?"

"ಒಂದು ವಾರ ಹಾಕಿ. ಆಮೇಲೆ ಮನೆಯಿಂದ ಕೆಲಸ ಅಂತ ಬರೀರಿ."

"ವಾರಾನಾ? ನೀನು ಯಾವತ್ತಾದ್ರೂ ಹೆತ್ತಿದ್ದೀಯಾ? ವಾರಕ್ಕೆ ಎದ್ದು ಕೂರೋಕೇ ಆಗಲ್ಲ. ನಂಬ್ತಾರಾ ಯಾರಾದ್ರೂ?"

"ಸರಿ, ಹತ್ತು ದಿನ."

"ಆರು ವಾರ."

"ಅಕ್ಕಾ, ಆರು ವಾರ ಅಂದ್ರೆ ಅಷ್ಟೂ ದಿನ ಇವರಿಬ್ಬರೇ ಇದ್ರು ಅಂತ ಆಗುತ್ತಲ್ಲ. ಎರಡು ವಾರ."

"ಮೂರು."

"ಮೂರು ವಾರಕ್ಕೆ ಲಾಗಿನ್ ಹೇಗಾಯ್ತು ಅಂದ್ರೆ?"

"ಮೇಡಮ್ಮೇ ಅಭ್ಯಾಸಕ್ಕೆ ಬಿಟ್ಟುಕೊಟ್ಟಿದ್ರು, ಅಷ್ಟು ದಿನ ನೀನೇ ಕಲಿಸಿದೆ ಅನ್ನು. ಮೂರಕ್ಕಿಂತ ಕಡಿಮೆ ನಾನು ಬರೆಯಲ್ಲ."

ಸಂತೆಯಲ್ಲಿ ಚೌಕಾಸಿ ಮಾಡುವ ಹಾಗೆ ಮಾಡಿದೆವು. ಮೂರು ವಾರಕ್ಕೆ ಇತ್ಯರ್ಥವಾಯಿತು. ಗೆದ್ದೆ ಅನ್ನಿಸಿತು ನನಗೆ, ಒಂದು ಗಳಿಗೆ. ಆ ಹೆಣ್ಣುಮಗಳಿಗೆ ಹನ್ನೆರಡು ವಾರದ ಬಾಣಂತನವನ್ನು ಅಳಿಸಿ, ಮೂರು ಉಳಿಸಿಕೊಟ್ಟೆ ಅಂತ ಗೆದ್ದ ಹಾಗೆ.

ಗುರುವಾರ ಬಂದ ಅಧಿಕಾರಿ ನನ್ನ ವಯಸ್ಸಿನ ಹೆಂಗಸು. ಮಂಡಿನೋವಿರಬೇಕು, ಮೇಜು ಹಿಡಿದು ಕೂತರು. ಮಾಲೀಕನನ್ನೂ ಟೀಚರನ್ನೂ ನನ್ನನ್ನೂ ಎದುರಿಗೆ ಕೂರಿಸಿಕೊಂಡರು.

"ಕಾನೂನು ಇಷ್ಟೇ" ಅಂದರು ಟೀಚರಿಗೆ. "ಕಲಿಯುವವರನ್ನ ಸಂಬಳ ಇಲ್ಲದೆ ಇಟ್ಕೊಳ್ಳಬಹುದು. ಆದರೆ ಪಕ್ಕದಲ್ಲೋ ಫೋನಲ್ಲೋ ಕಲಿಸುವವರಿರಬೇಕು. ಕಲಿಯುವವರು ಎದ್ದು ಹೋದರೆ ಕೆಲಸ ನಿಲ್ಲಬಾರದು. ನಿಂತರೆ ಅವರು ಕಲಿಯುವವರಲ್ಲ, ಕೆಲಸದವರು. ಕಲಿಸುವವರು ಇರಲಿಲ್ಲ ಅಂತ ನೀವು ಹೇಳ್ತಿದ್ದೀರಿ."

"ಹೌದು. ಹೆರಿಗೆ ರಜೇಲಿದ್ರು. ರಜೆ ಪುಸ್ತಕ ನೋಡಿ ಮೇಡಂ, ಅದರಲ್ಲಿದೆ" ಅಂದಳು ಟೀಚರ್. ನನ್ನ ಕಡೆ ನೋಡಿ ಸ್ವಲ್ಪ ನಕ್ಕಳು. "ಈ ಅಕ್ಕ ಬರೆಯೋದು. ಇವರದ್ದು ಒಂದಕ್ಷರ ತಪ್ಪಲ್ಲ."

ನಾನು ಪುಸ್ತಕ ಕೊಟ್ಟೆ. ಅಧಿಕಾರಿ ಪುಟ ತಿರುಗಿಸಿದರು. ಬೆರಳು ಒಂದು ಕಡೆ ನಿಂತಿತು.

"ಹೆತ್ತು ಇಪ್ಪತ್ತೆರಡನೇ ದಿನಕ್ಕೆ ಕೆಲಸಕ್ಕೆ ಕೂತರಾ?"

"ಮನೆಯಿಂದ" ಅಂದೆ.

"ಇದು ನೀವು ಬರೆದದ್ದಾ?"

"ನನ್ನ ಕೈಬರಹವೇ."

"ಆಯಾ ದಿನಕ್ಕೇ ಬರೆದದ್ದಾ?"

ಟೀಚರ್ ಬಾಗಿ ಪುಸ್ತಕ ನೋಡುತ್ತಿದ್ದಳು. ಗಣಿತ ಹೇಳಿದವಳು, ಲೆಕ್ಕ ಎಲ್ಲಿ ತಪ್ಪಿದೆ ಅಂತ ಹುಡುಕುವ ಹಾಗೆ ಸಾಲಿನ ಮೇಲೆ ಕಣ್ಣು ಓಡಿಸಿದಳು. ಆಮೇಲೆ ಕಣ್ಣೆತ್ತಿ ನನ್ನನ್ನು ನೋಡಿದಳು. ನಗು ಇನ್ನೂ ಪೂರ್ತಿ ಹೋಗಿರಲಿಲ್ಲ, ಹೋಗಲು ಅದಕ್ಕೆ ಸಮಯ ಸಾಕಾಗಿರಲಿಲ್ಲ.

"ಹೌದು" ಅಂದೆ.

ಅಧಿಕಾರಿ ಮೇಡಂಗೆ ಫೋನ್ ಮಾಡಿದರು. ಆ ಕಡೆ ಮಗು ಚೀರುವುದು ನಮಗೆಲ್ಲ ಕೇಳಿಸಿತು. ಮೇಡಂ ಎರಡು ಸಲ "ಹೌದು ಮೇಡಂ" ಅಂದರು. "ಸ್ವಲ್ಪ ಜೋರಾಗಿ ಹೇಳಿ" ಅಂದಾಗ ಮೂರನೇ ಸಲವೂ ಹೇಳಿದರು. ಅಧಿಕಾರಿ ಫೋನ್ ಕೆಳಗಿಟ್ಟು ಪುಸ್ತಕದ ಕಾಫಿ ಕಲೆಯ ಮೇಲೆ ಬೆರಳಾಡಿಸಿದರು. ಅವರಿಗೆ ಗೊತ್ತಾಗಿತ್ತು ಅಂತ ನನಗೆ ಅನ್ನಿಸುತ್ತದೆ. ಗೊತ್ತಾದದ್ದನ್ನು ಬರೆಯಲು ಅವರ ಹಾಳೆಯಲ್ಲಿ ಜಾಗ ಇರಲಿಲ್ಲ. ಆಧಾರ ಸಾಲದು ಅಂತ ಬರೆದು ಎದ್ದರು.

ಟೀಚರ್ ಅವತ್ತೇ ತನ್ನ ನೀರಿನ ಬಾಟಲಿ, ಮಕ್ಕಳ ಫೋಟೊ ಚೀಲಕ್ಕೆ ಹಾಕಿಕೊಂಡಳು. ಲಿಫ್ಟಿನ ಹತ್ತಿರ ನಾನು ನಿಂತಿದ್ದೆ. ಬೈದರೆ ಬೈಸಿಕೊಳ್ಳೋಣ ಅಂತ ನಿಂತಿದ್ದೆ. ನನ್ನ ಮಗಳು ತನ್ನ ಜಾಗದಿಂದ ಏಳಲಿಲ್ಲ.

"ನಿಮ್ಮ ಮಗಳು ಚೆನ್ನಾಗಿ ಕೆಲಸ ಮಾಡ್ತಾಳೆ ಅಕ್ಕಾ. ನಾನು ಕಲಿತದ್ದೆಲ್ಲ ಅವಳ ಹತ್ರಾನೇ" ಅಂದಳು ಟೀಚರ್. ಲಿಫ್ಟು ಬರುವುದು ತಡವಾಯಿತು. ಗುಂಡಿ ಇನ್ನೊಮ್ಮೆ ಒತ್ತಿದಳು. "ನಿಮ್ಮ ಜಾಗದಲ್ಲಿ ನಾನಿದ್ದಿದ್ರೆ ನಾನೂ ಬರೀತಿದ್ನೋ ಏನೋ. ಗೊತ್ತಿಲ್ಲ. ಆದ್ರೆ ಬರೆದೋರು ನೀವು."

ಲಿಫ್ಟು ಬಂತು, ಹೋದಳು.

ಮುಂದಿನ ತಿಂಗಳು ಒಂದನೇ ತಾರೀಕಿಗೆ ಮಗಳಿಗೆ ನೇಮಕದ ಪತ್ರ ಬಂತು. ಟೈಪ್ ಮಾಡಿದ್ದು ನಾನೇ, ಮಾಲೀಕ ಸಹಿ ಹಾಕಿದ್ದ. ಅವಳು ಅದನ್ನು ಎರಡು ಸಲ ಓದಿ, ಮಡಚಿ, ಚೀಲಕ್ಕೆ ಹಾಕಿಕೊಂಡಳು. ಮನೆಗೆ ಬರುವ ಬಸ್ಸಿನಲ್ಲಿ ನನ್ನ ಪಕ್ಕ ಕೂರಲಿಲ್ಲ. ಮುಂದೆ ಒಂದು ಸೀಟು ಖಾಲಿಯಿತ್ತು, ಅಲ್ಲಿ ಕೂತಳು.

ಪುಸ್ತಕ ತಿದ್ದುವುದಿಲ್ಲ ಅಂತ ಮಾತು ಕೊಟ್ಟಿದ್ದೆ. ಉಳಿಸಿಕೊಳ್ಳಲಿಲ್ಲ.