ತಾರೀಖಿಲ್ಲದ ಹೆಸರು

ಮಹಾಲಯ ಅಮಾವಾಸ್ಯೆಗೆ ನಮ್ಮ ಮನೆಯಲ್ಲಿ ಹಿರಿಯರಿಗೆ ಎಡೆ ಇಡುತ್ತೇವೆ. ತೀರಿಕೊಂಡವರ ಹೆಸರನ್ನು ಹೋದ ಕ್ರಮದಲ್ಲೇ ಕರೆದು ನೀರು ಬಿಡಬೇಕು. ಹಿಂದುಮುಂದಾದರೆ ಮುನಿಸಿಕೊಳ್ಳುತ್ತಾರೆ ಎಂದು ಅಜ್ಜಿ ದೊಡ್ಡಗಂಗಮ್ಮ ಹೇಳುತ್ತಿದ್ದಳು. ಆ ಕ್ರಮ ಅವಳಿಗೆ ಬಾಯಿಪಾಠ. ಈ ಯುಗಾದಿ ಕಳೆದ ಮೇಲೆ ಅಜ್ಜಿಯೇ ಹೋದಳು.

"ಈಗ ಯಾರು ಮೊದಲು, ಯಾರು ಆಮೇಲೆ?" ಅಪ್ಪನ ತಮ್ಮ ಚನ್ನರಾಯಪ್ಪ ಜಗಲಿಯಲ್ಲಿ ಕೂತು ತಲೆ ಕೆರೆದುಕೊಂಡರು.

"ಕಂಪ್ಯೂಟರ್ ಕೈಲಿ ಸಾರ್ಟ್ ಮಾಡಿಸ್ತೀನಿ ಇರಿ ಚಿಕ್ಕಪ್ಪ, ತಾರೀಖು ನೋಡಿ ಸಾಲಾಗಿ ನಿಲ್ಲಿಸುತ್ತೆ," ಎಂದಳು ತಂಗಿ ಚೈತನ್ಯ.

ಅವಳು ವಕ್ಕಲೇರಿಯಿಂದ ಬಸ್ಸಲ್ಲಿ ಕೋಲಾರದ ಕಾಲೇಜಿಗೆ ಹೋಗಿ ಕಂಪ್ಯೂಟರ್ ಓದುತ್ತಾಳೆ. ನಾನು ಒಂಬತ್ತನೇ ಕ್ಲಾಸಿಗೇ ಬಿಟ್ಟವಳು. ಅವಳ ಹಿಂದೆ ನಿಂತು ನೋಡುವುದು ನನಗೆ ಅಭ್ಯಾಸ. ಜಾವಾ ಲ್ಯಾಬಿಗೆಂದು ಲ್ಯಾಪ್‌ಟಾಪಿನಲ್ಲಿ ಮನೆಯವರ ಹೆಸರಿನದೊಂದು ಲಿಸ್ಟ್ ಬರೆದಿಟ್ಟಿದ್ದಳು: ಅಪ್ಪ, ಅಮ್ಮ, ನಾನು, ಅವಳು, ಚಿಕ್ಕಪ್ಪ. ಅದಕ್ಕೇ ತೀರಿಕೊಂಡವರನ್ನೂ ಸೇರಿಸಿ ಪಕ್ಕದಲ್ಲಿ ಹೋದ ತಾರೀಖು ಹಾಕಿದಳು.

"ಇದಕ್ಕೆ ಸ್ಟ್ರೀಮ್ ಅಂತಾರೆ, ಅಂದ್ರೆ ಕಾಲುವೆ ಇದ್ದಂಗೆ ಕಣೇ ಅಕ್ಕ. ಹೆಸರುಗಳು ಒಂದೊಂದಾಗಿ ಹರಿದು ಬಂದು, ಸಾಲಾಗಿ ನಿಂತು, ಬೇರೆ ಲಿಸ್ಟ್ ಆಗ್ತವೆ."

ಕೀಲಿ ಒತ್ತಿದಳು. ತಪ್ಪಾಗಿದೆ ಎಂದು ತೆರೆಯ ಮೇಲೆ ಕೆಂಪು ಅಕ್ಷರ ಬಂತು.

"ತಾರೀಖೇ ಇಲ್ಲದೋರನ್ನ ಎಲ್ಲಿ ನಿಲ್ಲಿಸ್ಬೇಕು ಅಂತ ಇದಕ್ಕೆ ಗೊತ್ತಾಗಲ್ಲ."

"ಲೇ, ಬದುಕಿರೋ ನನ್ನೂ ಎಡೆಗೆ ಕರೀತೀಯೇನೇ?" ಚಿಕ್ಕಪ್ಪ ನಕ್ಕರು.

ತಾರೀಖು ಇದ್ದವರು ಮಾತ್ರ ಮುಂದೆ ಹೋಗುವಂತೆ ಚೈತನ್ಯ ಒಂದು ಫಿಲ್ಟರ್ ಹಾಕಿದಳು. ಮುತ್ತಾತ, ತಾತ, ಅಜ್ಜಿಯ ತಂಗಿ ಚಿಕ್ಕಗಂಗಮ್ಮ, ಕೊನೆಗೆ ಅಜ್ಜಿ.

ಚಿಕ್ಕಪ್ಪನ ನಗು ನಿಂತಿತು. "ಅಣ್ಣನ ಹೆಸರು?"

ಅಪ್ಪ ಕೋದಂಡರಾಮಪ್ಪ, ನಾನು ಶಾಲೆ ಬಿಟ್ಟ ವರ್ಷ, ಮಾಲೂರಿಗೆ ಹೋಗಿ ಬರ್ತೀನಿ ಎಂದು ಹೊರಟವರು ಬರಲೇ ಇಲ್ಲ. ಸುದ್ದಿಯೂ ಇಲ್ಲ, ಹೆಣವೂ ಇಲ್ಲ. ಅಮ್ಮ ಕುಂಕುಮ ಬಿಡಲಿಲ್ಲ. ಅಜ್ಜಿ ಸಂಜೆಯಾದರೆ ಹೊಸ್ತಿಲಲ್ಲಿ ಕೂರುತ್ತಿದ್ದಳು. ಸಾಯುವ ಹಿಂದಿನ ದಿನವೂ "ಕೋದಂಡ ಬಂದ್ನಾ?" ಎಂದಿದ್ದಳು.

"ಹನ್ನೆರಡು ವರ್ಷ ತುಂಬ್ತು ಅತ್ತಿಗೆ," ಚಿಕ್ಕಪ್ಪ ಬಾಗಿಲಲ್ಲಿ ನಿಂತಿದ್ದ ಅಮ್ಮನ ಕಡೆ ನೋಡದೆ ಹೇಳಿದರು. "ಇನ್ನೂ ಕಾಯ್ತಾ ಕೂತ್ರೆ, ಹೋಗಿರೋನು ಉಪವಾಸ ಇರ್ತಾನೆ. ಹೊರಟ ದಿನದ್ದೇ ಹಾಕಮ್ಮ ಚೈತನ್ಯ."

ಚೈತನ್ಯ ಅಮ್ಮನ ಮುಖ ನೋಡಿ, ಆ ತಾರೀಖು ಹಾಕಿದಳು.

"ಓದು," ಎಂದಳು ಅಮ್ಮ.

"ಮುತ್ತಾತ, ತಾತ, ಚಿಕ್ಕಗಂಗಮ್ಮಜ್ಜಿ, ಅಪ್ಪ, ಅಜ್ಜಿ."

"ಅತ್ತೆ ಆಮೇಲಾ?"

"ತಾರೀಖು ಹಂಗಿದೆಯಲ್ಲಮ್ಮ."

"ಬೇಡ. ಮಗ ಇದಾನೆ ಅಂದ್ಕೊಂಡೇ ಅವರು ಕಣ್ಣು ಮುಚ್ಚಿದ್ದು. ಈಗ ಅವರಿಗಿಂತ ಮುಂಚೆ ಮಗನ ಹೆಸರು ಕರೆದು ನೀರು ಬಿಡ್ತೀರಾ?"

ಒಲೆಯ ಮೇಲೆ ಪಾಯಸ ಉಕ್ಕುವ ಸದ್ದು ಕೇಳಿದರೂ ನಾನು ಕದಲಲಿಲ್ಲ. ಅಮ್ಮ ಕೈಬಳೆಯನ್ನು ಒಂದು ಸುತ್ತು ತಿರುಗಿಸಿದಳು.

"ಇವತ್ತಿನ ತಾರೀಖು ಹಾಕು."

"ಅತ್ತಿಗೆ..." ಎಂದರು ಚಿಕ್ಕಪ್ಪ.

"ಇವತ್ತಿಂದೇ ಹಾಕು ಅಂದೆ."

ಚೈತನ್ಯ ತಾರೀಖು ಬದಲಿಸಿದಳು. ಅಪ್ಪನ ಹೆಸರು ಅಜ್ಜಿಯ ಕೆಳಗೆ ಬಂದು ನಿಂತಿತು.

"ನೀನು ಮೊದಲು ಬರೆದಿದ್ಯಲ್ಲ, ನಮ್ಮೆಲ್ಲರ ಜೊತೆ ಅವರನ್ನ... ಆ ಸಾಲು ಹೋಯ್ತಾ?" ಅಮ್ಮ ಕೇಳಿದಳು.

"ಇಲ್ಲಮ್ಮ. ಸಾರ್ಟ್ ಮಾಡಿದ್ರೂ ಅದು ಕದಲಲ್ಲ. ಅಲ್ಲಿ ಅಪ್ಪಾನೇ ಮೊದಲು. ಆಮೇಲೆ ನೀನು."

ಅಮ್ಮ ತಲೆಯಾಡಿಸಿ ಕುಡುಗೋಲು ಹಿಡಿದು ಹಿತ್ತಲಿಗೆ ನಡೆದಳು. ಅಪ್ಪನ ಎಡೆಗೆ ಇನ್ನೊಂದು ಬಾಳೆಎಲೆ ಬೇಕಿತ್ತು. ನಾನು ಹಿಂದೆ ಹೋಗಲಿಲ್ಲ. ಬಹಳ ಹೊತ್ತಾದರೂ ಎಲೆ ಕೊಯ್ಯುವ ಸದ್ದು ಕೇಳಲಿಲ್ಲ.